ಅವರು ನಿಮಗೆ ಏನಾಗಬೇಕು?

ಭಾನುವಾರ, ಮಧ್ಯಾಹ್ನ
ಅಡುಗೆಮನೆಯ ಮೇಜಿನಿಂದ

ನನ್ನ ಗುಂಡಕ್ಕಾ,

ಈ ಕಾಗದವನ್ನು ಪೂರ್ತಿ ಓದುವ ಮೊದಲೇ ಎದ್ದು ಹೋಗಿ ನಿನ್ನ ರೂಮ್‌ಮೇಟ್ ಹತ್ತಿರ ಮಾತಾಡು. ಪಾಠಕ್ಕೆಂದು ನೀನು ಮಾಡಿದ ಸಂದರ್ಶನದ ಬಗ್ಗೆ ನಿಮ್ಮ ಮೇಡಂಗೆ ಚಾಡಿ ಹೇಳಿದ್ದು ಅವಳಲ್ಲ. ಮಂಗಳವಾರ ನೀನು ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಾ, ಸಂದರ್ಶನ ರದ್ದಾಯಿತು, ಯಾರೋ ಹೋಗಿ ಹೇಳಿದ್ದಾರೆ, ರೂಮಿನಲ್ಲಿರುವವಳೇ ಇರಬೇಕು ಎಂದೆ. ಆಗ ನಾನು, ಜನ ಹಾಗೇ ಮಗಳೇ, ಯಾರನ್ನೂ ನಂಬೋ ಕಾಲ ಅಲ್ಲ ಎಂದೆನಲ್ಲ, ಆ ಮಾತಾಡಿದ ಬಾಯೇ ಹೋಗಿ ಹೇಳಿ ಬಂದದ್ದು. ನಾನೇ ಹೋಗಿದ್ದೆ.

ಇಷ್ಟು ಬರೆದು ಎದ್ದು ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೊಂದು ಸಲ ತೊಳೆದು ಬಂದೆ. ನಿನ್ನೆ ಶನಿವಾರ ನೀನು ಮನೆಗೆ ಬರಲಿಲ್ಲ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು 'ಹೂಂ' ಅಂತ ಸುಮ್ಮನಾದರೆ ನನಗೆ ತಡೆಯುವುದಿಲ್ಲ. ಬಾಯಿಗೆ ಬಂದದ್ದು ಆಡಿ, ಕೊನೆಗೆ ತಪ್ಪೆಲ್ಲ ನಿನ್ನದೇ ಎನ್ನುವಲ್ಲಿಗೆ ತಂದು ನಿಲ್ಲಿಸುತ್ತೇನೆ. ಇಪ್ಪತ್ತಾರು ವರ್ಷ ಹೆರಿಗೆ ವಾರ್ಡಿನಲ್ಲಿ ಕೇಸ್ ಶೀಟ್ ಬರೆದ ಕೈ ಇದು. ಕಂಡದ್ದನ್ನು ಕಂಡ ಹಾಗೆ ಬರೆಯುವುದು ಇದಕ್ಕೆ ಅಭ್ಯಾಸ. ಹಾಗೇ ಬರೆಯಲು ನೋಡುತ್ತೇನೆ.

ನೀನು ಸೈಕಾಲಜಿಯಲ್ಲಿ ಮಾನವ ಲೈಂಗಿಕತೆಯ ಪೇಪರ್ ತೆಗೆದುಕೊಳ್ಳುತ್ತೇನೆ ಎಂದಾಗ ನಿನ್ನ ಸೋದರಮಾವ ಹುಬ್ಬು ಗಂಟಿಕ್ಕಿಕೊಂಡು, ಬೇರೆ ಯಾವ ಪೇಪರೂ ಇರ್ಲಿಲ್ವಾ ಎಂದು ಕೇಳಿದ. ನಾನು ಮಾತ್ರ ವಾರ್ಡಿನ ತುಂಬ ಹೇಳಿಕೊಂಡು ಓಡಾಡಿದೆ. ನನ್ನ ಮಗಳು ಸುತ್ತಿ ಬಳಸಿ ಕಡೆಗೆ ನನ್ನ ಕಸುಬಿನ ಪಕ್ಕಕ್ಕೇ ಬಂದು ನಿಂತಳಲ್ಲ ಎಂದು ನನಗೆ ಹೆಮ್ಮೆ. ಇನ್ನು ಶನಿವಾರ ಶನಿವಾರ ನೀನು ಮನೆಗೆ ಬಂದರೆ ಇಬ್ಬರೂ ಸಮ ಸಮ ಕೂತು ಮಾತಾಡಬಹುದು ಎಂದುಕೊಂಡಿದ್ದೆ.

ಆದದ್ದು ಬೇರೆ. ನೀನು ಬಂದು ಚಪ್ಪಲಿ ಬಿಡುವ ಮೊದಲೇ 'ಮೇಡಂ ಹೇಳಿದ್ರು' ಶುರುವಾಗುತ್ತಿತ್ತು. ನಾಚಿಕೆ ಹುಟ್ಟಿದಾಗ ಇರಲ್ಲ, ಕಲಿಸಿದ್ದು ಅಂತ ಮೇಡಂ ಹೇಳಿದ್ರು. ಹೆಂಗಸರ ಸುಖದ ಬಗ್ಗೆ ಹೆಂಗಸರನ್ನೇ ಕೇಳದೆ ನೂರು ವರ್ಷ ಪುಸ್ತಕ ಬರೆದಿದ್ದಾರೆ ಅಂತ ಮೇಡಂ ಹೇಳಿದ್ರು. ಅರವತ್ತು ಜನರ ಕ್ಲಾಸಿನಲ್ಲಿ ಮೈಯ ಎಲ್ಲ ಭಾಗಗಳ ಹೆಸರನ್ನೂ ಗಟ್ಟಿಯಾಗಿ ಹೇಳಿಸಿ, ನಗು ನಿಲ್ಲುವವರೆಗೂ ಮತ್ತೆ ಮತ್ತೆ ಹೇಳಿಸಿದ್ರಂತೆ. ಅದನ್ನು ಹೇಳುವಾಗ ನಿನ್ನ ಕಣ್ಣು ಫಳಫಳ ಎನ್ನುತ್ತಿತ್ತು. ನಾನು ಅದನ್ನೇ ಬಾಣಂತಿಯರ ಗಂಡಂದಿರನ್ನು ಸಾಲಾಗಿ ನಿಲ್ಲಿಸಿ ಹೇಳಿಸುತ್ತಿದ್ದೇನೆ, ಇಪ್ಪತ್ತಾರು ವರ್ಷದಿಂದ. ಊಟಕ್ಕೆ ಕೂತಾಗ ನಾನು ಆ ಮಾತೆತ್ತಿದರೆ 'ಅಮ್ಮಾ, ಸಾಕು' ಎನ್ನುತ್ತಿದ್ದವಳು ನೀನು. ಮೇಡಂ ಹೇಳಿದರೆ ನೋಟ್‌ಬುಕ್ಕಿಗೆ ಹೋಗುತ್ತದೆ, ಅಮ್ಮ ಹೇಳಿದರೆ ಕಿವಿಗೂ ಹೋಗುವುದಿಲ್ಲ.

ಆಮೇಲೆ ಒಂದು ಶನಿವಾರ ನೀನು ಸಂದರ್ಶನದ ವಿಷಯ ಹೇಳಿದೆ. ನಲವತ್ತೈದು ದಾಟಿದ ಒಬ್ಬ ಹೆಂಗಸನ್ನು ಕೂರಿಸಿಕೊಂಡು, ತನ್ನ ಮೈಯ ಬಗ್ಗೆ, ಗಂಡುಹೆಣ್ಣಿನ ಬಗ್ಗೆ ಆಕೆಗೆ ಯಾರು ಹೇಳಿಕೊಟ್ಟರು, ಏನು ಹೇಳಲಿಲ್ಲ, ಮದುವೆಯಲ್ಲಿ ಆ ಮಾತು ಹೇಗೆ ಆಡಿದಳು, ಆಡಲಿಲ್ಲ ಎಂದು ಕೇಳಬೇಕು. ಹನ್ನೊಂದು ಪ್ರಶ್ನೆ. ನೀನು ಅಷ್ಟು ಹೇಳಿ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಳ್ಳುತ್ತಾ ಕೂತೆ. ನನಗೆ ಐವತ್ತು ನಡೆಯುತ್ತಿದೆ ಎನ್ನುವುದು ನಿನಗೆ ಗೊತ್ತೇ ಇದೆಯಲ್ಲ ಎಂದು ನಾನೂ ಸುಮ್ಮನಿದ್ದೆ.

ಮುಂದಿನ ಶನಿವಾರಕ್ಕೆ ಎರಡು ರಾತ್ರಿ ಡ್ಯೂಟಿ ಬದಲಿಗೆ ಮಾಡಿಕೊಟ್ಟು ರಜೆ ಹಾಕಿಸಿಕೊಂಡೆ. ವಾರವಿಡೀ ರೌಂಡ್ಸಿನಲ್ಲಿ ಓಡಾಡುತ್ತಾ ಮನಸ್ಸಿನಲ್ಲೇ ಉತ್ತರ ಜೋಡಿಸಿಕೊಂಡೆ. ಒಬ್ಬಳ ಬಿಪಿ ನೋಡುತ್ತಾ ನೋಡುತ್ತಾ ಮೈಮರೆತು, ನಮ್ಮಮ್ಮ ನನಗೆ ಒಂದಕ್ಷರ ಹೇಳಿರಲಿಲ್ಲ ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ, ಆ ಹುಡುಗಿ ಗಾಬರಿಯಾದಳು. ಶನಿವಾರ ನೀನು ಬಂದೆ. ಉಂಡೆ, ಮಲಗಿದೆ, ಎದ್ದೆ. ಸಂಜೆ ನಾನೇ ತಡೆಯಲಾರದೆ ಸಂದರ್ಶನ ಏನಾಯ್ತೇ ಎಂದೆ. 'ಮುಗೀತಮ್ಮ, ಒಬ್ರು ಸಿಕ್ಕಿದ್ರು' ಎಂದು ಫೋನಿನಿಂದ ತಲೆಯನ್ನೂ ಎತ್ತದೆ ಹೇಳಿದೆ. ನಾನು ಹೋಗಿ ಬಟ್ಟೆ ಮಡಚಿದೆ.

ಮರುದಿನ ನೀನು ಹೊರಟ ಮೇಲೆ ನೋಡಿದರೆ ಕಂದು ಬಣ್ಣದ ಲಕೋಟೆ ಕುರ್ಚಿಯ ಮೇಲೇ ಇತ್ತು. ನೀನು ಬಸ್ಸಿನಿಂದ ಫೋನ್ ಮಾಡಿದೆ. ನಾಳೆ ಡ್ಯೂಟಿಗೆ ಹೋಗುವಾಗ ಹಾಸ್ಟೆಲ್ ಗೇಟಿನಲ್ಲಿ ಕೊಟ್ಟುಬಿಡು, ಅಂಟಿಸಿದ್ದೀನಿ, ತೆರೀಬೇಡ ಎಂದೆ. ಲಕೋಟೆಯ ಅಂಟು ಅರ್ಧ ಬಿಟ್ಟುಕೊಂಡಿತ್ತು, ಒಳಗಿನ ಹಾಳೆ ಬೀಳುವ ಹಾಗಿತ್ತು, ಅದಕ್ಕೇ ತೆಗೆದು ಸರಿ ಮಾಡಲು ಹೋದೆ.

ಇಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ ಎಂದೆನಲ್ಲ. ಅಂಟು ಗಟ್ಟಿಯಾಗಿಯೇ ಇತ್ತು. ಸೋಮವಾರ ಬೆಳಗ್ಗೆ ಕೆಟಲ್ ಇಟ್ಟು, ಆವಿ ಹಿಡಿದು ಬಿಡಿಸಿದೆ.

ಮೊದಲನೇ ಹಾಳೆಯಲ್ಲಿ ಹೆಸರಿರಲಿಲ್ಲ, ವಯಸ್ಸು ಮಾತ್ರ ಇತ್ತು. ಅದರ ಕೆಳಗೆ ಅಚ್ಚು ಹಾಕಿದ ಒಂದು ಕಾಲಂ: ಸಂದರ್ಶನ ಕೊಡುವವರು ನಿಮಗೆ ಏನಾಗಬೇಕು? ಅದರ ಮುಂದೆ ನಿನ್ನ ದುಂಡು ಅಕ್ಷರದಲ್ಲಿ, 'ಏನೂ ಆಗಬೇಕಿಲ್ಲ.' ಯಾರಪ್ಪಾ ಇವಳು ಎಂದು ಓದುತ್ತಾ ಹೋದೆ. ಎರಡನೇ ಹಾಳೆಯಲ್ಲಿ ಆ ಹೆಂಗಸು, ದಿನಾ ಜನರ ಕಣ್ಣಲ್ಲಿ ಕಣ್ಣಿಟ್ಟು ನೋಡೋದೇ ನನ್ನ ಕೆಲಸ, ಆದ್ರೂ ಈ ಮಾತಾಡುವಾಗ ನೆಲ ನೋಡ್ತೀನಿ ನೋಡು, ಎಂದಿದ್ದಳು. ಕನ್ನಡಕದಂಗಡಿಯವಳು! ನಿನ್ನ ಅಪ್ಪನ ಈಗಿನ ಹೆಂಡತಿ.

ಸತ್ಯ ಹೇಳುತ್ತೇನೆ, ಮೊದಲು ಒಂದು ಕ್ಷಣ ಖುಷಿಯಾಯಿತು. 'ಏನೂ ಆಗಬೇಕಿಲ್ಲ' ಎನ್ನುವುದು ನಾನು ಕಲಿಸಿದ ಮಾತು. ನಿನಗೆ ಒಂಬತ್ತು ವರ್ಷವಿದ್ದಾಗ, ಅಪ್ಪನ ಮನೆಯ ಆ ಆಂಟಿಯನ್ನ ಚಿಕ್ಕಮ್ಮ ಅನ್ನಬೇಕಾ ಎಂದು ನೀನು ಕೇಳಿದ್ದೆ. ಅನ್ನೋದೇನೂ ಬೇಡ, ಅವಳು ನಮಗೆ ಏನೂ ಆಗಬೇಕಿಲ್ಲ ಎಂದು ನಾನು ಚಪಾತಿ ಮಣೆಯ ಮೇಲೆ ಲಟ್ಟಣಿಗೆ ಕುಟ್ಟಿ ಹೇಳಿದ್ದೆ. ಹನ್ನೆರಡು ವರ್ಷ ಮಗಳು ಮರೆತಿಲ್ಲವಲ್ಲ ಎಂದು ಖುಷಿ. ಆ ಖುಷಿ ಮುಂದಿನ ಹಾಳೆಯವರೆಗೂ ಬಾಳಲಿಲ್ಲ.

ಆರನೇ ಪ್ರಶ್ನೆ. ನಿಮ್ಮ ಗಂಡನ ಜೊತೆ ಈ ವಿಷಯ ಹೇಗೆ ಮಾತಾಡುತ್ತೀರಿ? ಆಕೆ ಹೇಳುತ್ತಾಳೆ, ಅವ್ರು ಕೇಳ್ತಾರೆ. ಪ್ರತಿ ಸಲ ಕೇಳ್ತಾರೆ. ನಿನಗೆ ಸರೀನಾ, ಬೇಕಾ, ಹೀಗಾ, ಬೇಡ್ವಾ ಅಂತ. ಮೊದಮೊದಲು ನನಗೆ ನಗು ಬರ್ತಿತ್ತು, ಏನ್ರೀ ಇದು ಲೈಸೆನ್ಸ್ ಪರೀಕ್ಷೆಯಾ ಅಂತಿದ್ದೆ. ಒಂದಿನ ಅವ್ರು, ಹಿಂದೆ ಒಂಬತ್ತು ವರ್ಷ ಕೇಳದೇ ಇದ್ದೆ, ಅವಳು ಒಂದು ಮಾತೂ ಆಡದೆ ದೂರ ಆಗ್ಬಿಟ್ಟಳು, ಈಗ ಕೇಳದೇ ಇರೋಕೆ ಭಯ ಆಗುತ್ತೆ ಅಂದ್ರು.

ಗುಂಡಕ್ಕಾ, ನಿನ್ನ ಅಪ್ಪ ಊರಿಗೆಲ್ಲ ಡ್ರೈವಿಂಗ್ ಕಲಿಸುವ ಮನುಷ್ಯ. ಎಡಕ್ಕೆ ನೋಡು, ಬಲಕ್ಕೆ ನೋಡು, ಹಿಂದೆ ಯಾರಿದ್ದಾರೆ ನೋಡು ಎಂದು ಹೇಳಿ ಹೇಳಿಯೇ ಗಂಟಲು ಕಟ್ಟಿಸಿಕೊಂಡವರು. ನನ್ನ ಕಡೆ ಮಾತ್ರ ಒಂದು ಸಲ ತಿರುಗಿ, ನಿನಗೆ ಹೇಗನ್ನಿಸುತ್ತದೆ ಎಂದು ಕೇಳಿದವರಲ್ಲ. ನಾನೂ ಹೇಳಿದವಳಲ್ಲ. ನರ್ಸಾಗಿದ್ದೂ ಹೇಳಲಿಲ್ಲ. ಹಗಲೆಲ್ಲ ಊರ ಹೆಂಗಸರಿಗೆ, ನೋವಾದ್ರೆ ಬಾಯಿ ಬಿಟ್ಟು ಹೇಳ್ಬೇಕು ಕಣಮ್ಮ ಎಂದು ಬುದ್ಧಿ ಹೇಳಿ ಬಂದು, ಮನೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ಆ ಒಂಬತ್ತು ವರ್ಷ ನಾನು ಸುಮ್ಮನಿದ್ದುದರಿಂದ ಅವರು ಕಲಿತ ಪಾಠ ಇಡಿಯಾಗಿ ಇನ್ನೊಬ್ಬಳ ಮನೆಗೆ ಹೋಯಿತಲ್ಲ! ಅವರು ಬೇಡ ನನಗೆ, ಯಾವತ್ತೋ ಬೇಡವಾದರು. ಆದರೆ ಆ ಒಂದು ಪ್ರಶ್ನೆಯ ಮೇಲೆ ನನಗಾದ ಹೊಟ್ಟೆಕಿಚ್ಚು ಅವರ ಎರಡನೇ ಮದುವೆಯ ದಿನವೂ ಆಗಿರಲಿಲ್ಲ. ನನ್ನನ್ನು ಕೇಳದ ಗಂಡ ಆಕೆಯನ್ನು ಕೇಳುತ್ತಾನೆ, ನನ್ನನ್ನು ಕೇಳದ ಮಗಳೂ ಆಕೆಯನ್ನೇ ಕೇಳುತ್ತಾಳೆ.

ಲಕೋಟೆಯಲ್ಲಿ ನಿಮ್ಮ ಮೇಡಂ ಕೊಟ್ಟ ನಿಯಮಗಳ ಹಾಳೆಯೂ ಇತ್ತು. ನಾಲ್ಕನೆಯದು, ಹತ್ತಿರದ ಬಂಧುಗಳನ್ನು ಸಂದರ್ಶನ ಮಾಡಬಾರದು, ಮಾಡಿದ್ದು ತಿಳಿದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಾಯಿಗಿಂತ ಹತ್ತಿರದ ಬಂಧು ಇನ್ನಾರು ಎಂದು ಆಗ ನನ್ನ ತಲೆಗೆ ಹೋಗಲೇ ಇಲ್ಲ. ಆಕೆಯನ್ನು ಹಿಡಿದು ಎಳೆಯಲು ಒಂದು ಕೊಂಡಿ ಸಿಕ್ಕಿತು, ಅಷ್ಟೇ ತಲೆಗೆ ಹೋದದ್ದು. ಲಕೋಟೆಯನ್ನು ಮತ್ತೆ ಅಂಟಿಸಿ, ಇಸ್ತ್ರಿಪೆಟ್ಟಿಗೆ ಇಟ್ಟು ಸಪಾಟು ಮಾಡಿ, ನಿನ್ನ ಗೇಟಿನಲ್ಲಿ ಕೊಟ್ಟು ಡ್ಯೂಟಿಗೆ ಹೋದೆ. ಗುರುವಾರ ನನ್ನ ವಾರದ ರಜೆ. ಇಸ್ತ್ರಿ ಮಾಡಿದ ಸೀರೆ ಉಟ್ಟು ನಿಮ್ಮ ಯೂನಿವರ್ಸಿಟಿಗೆ ಹೋದೆ.

ನಿಮ್ಮ ಮೇಡಂ ಎಂದರೆ ಉದ್ದಕ್ಕೆ, ಗತ್ತಿನಲ್ಲಿ, ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿಕೊಂಡು ಇರುತ್ತಾರೆ ಎಂದು ನಾನು ಬೈದುಕೊಳ್ಳುತ್ತಾ ಹೋಗಿದ್ದೆ. ನೋಡಿದರೆ ಮೂರನೇ ಮಹಡಿಯ ಆ ಕೋಣೆಯಲ್ಲಿ, ಪುಸ್ತಕಗಳ ಮಧ್ಯೆ, ಒಂದು ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು, ಕುಳ್ಳಗಿನ ಅಜ್ಜಿಯೊಬ್ಬರು ಕೂತಿದ್ದರು. ಮೊಣಕಾಲಿಗೆ ಬ್ಯಾಂಡೇಜು, ಅದೂ ಮೇಲಿನಿಂದ ಕೆಳಕ್ಕೆ ಸುತ್ತಿದ್ದು. ಯಾರು ಕಟ್ಟಿದ್ದು ಇದನ್ನ, ಕಾಲು ಊದಿಕೊಳ್ಳಲ್ವಾ ಎಂದು ನಾನು ಬಂದ ಕೆಲಸವನ್ನೂ ಮರೆತು ನೆಲದ ಮೇಲೆ ಕೂತು ಬಿಚ್ಚತೊಡಗಿದೆ. ಹಾಗಾಗಿ ನಾನು ನಿನ್ನ ಮೇಲೆ ದೂರು ಹೇಳಿದ್ದು ನಿಮ್ಮ ಮೇಡಂ ಕಾಲಿಗೆ ಬ್ಯಾಂಡೇಜು ಸುತ್ತುತ್ತಾ.

ಅವರು ನಿಧಾನಕ್ಕೆ ಕೇಳಿಸಿಕೊಂಡರು. ಆ ಹೆಂಗಸು ನಿಮ್ಮ ಮಗಳಿಗೆ ಏನಾಗಬೇಕು ಎಂದರು. ಅಪ್ಪನ ಹೆಂಡತಿ ಎಂದೆ. ಅಷ್ಟಕ್ಕೆ ಹತ್ತಿರದ ಬಂಧು ಅನ್ನೋಕಾಗಲ್ಲ, ಬಳಕೆ ಇಲ್ದೇ ಇರಬಹುದು, ಮಗು ಏನೂ ಆಗಬೇಕಿಲ್ಲ ಅಂತ ಬರೆದಿದ್ದಾಳೆ ಎಂದರು. ನನಗೆ ಕೆಟ್ಟ ಹಟ ಬಂತು. ಬಳಕೆ ಇಲ್ದೇ ಏನು ಎಂದೆ. ಒಂಬತ್ತನೇ ವಯಸ್ಸಿನಿಂದ ಹಾಸ್ಟೆಲ್ ಸೇರುವವರೆಗೂ ಪ್ರತಿ ಶನಿವಾರ ಅವರ ಮನೆಯಲ್ಲೇ ಇದ್ದು ಬೆಳೆದ ಮಗು ಎಂದೆ. ಟೈಫಾಯ್ಡ್ ಆದಾಗ ನನಗೆ ರಜೆ ಸಿಗದೆ ಹನ್ನೊಂದು ದಿನ ಅಂಗಡಿ ಬಾಗಿಲು ಹಾಕಿ ನೋಡಿಕೊಂಡದ್ದು ಆಕೆಯೇ ಎಂದೆ. ಇವಳ ಕಣ್ಣಿನ ನಂಬರು ಹೆಚ್ಚಾದದ್ದು ನನಗಿಂತ ಮೊದಲು ಆಕೆಗೆ ಗೊತ್ತಾಗುತ್ತದೆ, ಮೂಗಿನ ಮೇಲೆ ಕಲೆ ಬೀಳದ ಹಾಗೆ ಫ್ರೇಮನ್ನು ತಾನೇ ಉಜ್ಜಿ ಕೊಡುತ್ತಾಳೆ ಎಂದೆ. ಹೇಳುತ್ತಾ ಹೋದ ಹಾಗೆ ನನ್ನ ದೂರೆಲ್ಲ ಆಕೆಯ ಹೊಗಳಿಕೆಯೇ ಆಗುತ್ತಿತ್ತು, ನನಗೆ ಕೇಳಿಸುತ್ತಲೂ ಇತ್ತು, ನಿಲ್ಲಿಸಲಾಗಲಿಲ್ಲ. ಮೇಡಂ ಒಂದು ಹಾಳೆ ಕೊಟ್ಟು ಬರೆದುಕೊಡಿ ಎಂದರು. ನಾನು ಬರೆದೆ: ಆಕೆ ನನ್ನ ಮಗಳಿಗೆ ಚಿಕ್ಕಮ್ಮ ಆಗಬೇಕು. ಕೆಳಗೆ ಸಹಿ ಹಾಕಿದೆ. ಹನ್ನೆರಡು ವರ್ಷ ನಿನ್ನ ಬಾಯಲ್ಲಿ ಬರಗೊಡದ ಮಾತನ್ನು ನಾನೇ ಬರೆದು ಸಹಿ ಹಾಕಿ ಕೊಟ್ಟೆ.

ಅವರು ಅದನ್ನು ಓದಿ ಮಡಚಿಟ್ಟು, ಬಂಧುಗಳನ್ನೇ ಕೇಳೋ ಹಾಗಿದ್ದಿದ್ರೆ ಅವಳು ತಾಯಿಯನ್ನೇ ಸಂದರ್ಶನ ಮಾಡ್ತಿದ್ದಳಲ್ಲ ಸಿಸ್ಟರ್ ಎಂದರು. ನಾನು ಬ್ಯಾಂಡೇಜಿನ ತುದಿಗೆ ಪಿನ್ ಹಾಕುತ್ತಿದ್ದವಳು ತಲೆ ಎತ್ತಿದೆ. ಅವರು ಫೈಲಿನಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟರು. ಇದನ್ನ ನಿಮ್ಮ ಮಗಳು ಎಲ್ಲರ ಎದುರಿಗೇ ಓದಿದ್ದು, ನೀವು ನೋಡಿದ್ರೆ ತಪ್ಪಿಲ್ಲ ಎಂದರು. ಯಾರನ್ನು ಸಂದರ್ಶನ ಮಾಡುತ್ತೀರಿ, ಯಾಕೆ, ಎಂದು ನೀನು ಮೊದಲು ಬರೆದುಕೊಟ್ಟ ಹಾಳೆ. ಅದರಲ್ಲಿ ಇದ್ದದ್ದು ಎರಡೇ ಸಾಲು. ನನ್ನ ಅಮ್ಮನನ್ನು. ಅವಳು ಊರಿನವರಿಗೆಲ್ಲ ಹೇಳುತ್ತಾಳೆ, ಅವಳನ್ನು ಯಾರೂ ಕೇಳಿಲ್ಲ. ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ, ಪಕ್ಕದಲ್ಲಿ 'ನಿಯಮ ನಾಲ್ಕು, ಬೇರೆಯವರನ್ನು ಹುಡುಕಿ' ಎಂದು ಮೇಡಂ ಅಕ್ಷರ.

ಮೆಟ್ಟಿಲಿಳಿದು ಹೇಗೆ ಬಂದೆನೋ ಗೊತ್ತಿಲ್ಲ. ಕೆಳಗೆ ಸೈಕಲ್ ನಿಲ್ಲಿಸುವಲ್ಲಿ ಅರ್ಧ ಗಂಟೆ ಕೂತಿದ್ದೆ. ಮತ್ತೆ ಮೇಲೆ ಹೋಗಿ ನಾನು ಸಹಿ ಹಾಕಿದ ಹಾಳೆ ವಾಪಸ್ ಕೊಡಿ ಎಂದು ಕೇಳಬೇಕಿತ್ತು. ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಈಗ ಹೇಳುತ್ತೇನೆ. ಇಷ್ಟು ಹೊತ್ತು ಆರನೇ ಪ್ರಶ್ನೆಯ ಮೇಲೆ ಹೊರೆ ಹೊರಿಸಿ, ಒಂಬತ್ತನೆಯದನ್ನು ಬಚ್ಚಿಟ್ಟುಕೊಂಡೇ ಬರೆದೆ.

ಒಂಬತ್ತನೇ ಪ್ರಶ್ನೆ. ಈ ವಿಷಯಗಳನ್ನು ನೀವು ಬೇರೆ ಯಾರಿಗಾದರೂ ಹೇಳಿಕೊಡಬೇಕಾಗಿ ಬಂದಿತ್ತೇ? ಆಕೆ ಹೇಳುತ್ತಾಳೆ, ಮನೆಯ ಒಂದು ಹುಡುಗಿಗೆ. ಅದರ ಮೊದಲ ಮುಟ್ಟು ಒಂದು ಶನಿವಾರ ನನ್ನ ಮನೇಲಾಯ್ತು. ನನಗೆ ಮಕ್ಕಳಿಲ್ಲ, ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ, ಬಿಸಿನೀರು ಕೊಟ್ಟು, ಪ್ಯಾಡ್ ಹೇಗೆ ಇಟ್ಕೊಳ್ಳೋದು ಅಂತ ತೋರಿಸ್ದೆ. ಅವಳಮ್ಮನಿಗೆ ಫೋನ್ ಮಾಡೋಣ ಅಂದ್ರೆ ಮಗು ಬೇಡ ಅಂತು. ಅಮ್ಮ ಈ ದಿನಕ್ಕೇ ಕಾಯ್ತಿದ್ದಾಳೆ, ಚಿತ್ರ ಎಲ್ಲ ಬರೆದಿಟ್ಟಿದ್ದಾಳೆ, ಇಲ್ಲಾಯ್ತು ಅಂದ್ರೆ ಬೇಜಾರು ಮಾಡ್ಕೋತಾಳೆ, ಮುಂದಿನ ತಿಂಗಳು ಇದೇ ಮೊದಲು ಅಂತ ಹೇಳ್ತೀನಿ ಅಂತು. ಹಾಗೇ ಮಾಡಿತು ಕೂಡ.

ಗುಂಡಕ್ಕಾ, ಆ ದಿನ ನನ್ನ ಜೀವನದ ದೊಡ್ಡ ದಿನ. ಬಚ್ಚಲ ಹೊಸ್ತಿಲಲ್ಲಿ ಇಬ್ಬರೂ ಕೂತಿದ್ದೆವು. ಹಳೇ ಚಾರ್ಟಿನ ಬೆನ್ನಿನ ಮೇಲೆ ನಾನು ಬಣ್ಣದ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ ಗರ್ಭಕೋಶದ ಚಿತ್ರ ತೋರಿಸಿದೆ. ನಮ್ಮಮ್ಮ ನನಗೆ ಒಂದು ಹಳೇ ಬಟ್ಟೆ ಎಸೆದು ಬಾಗಿಲು ಹಾಕಿಕೊಂಡಿದ್ದಳು, ನಾನು ಹಾಗೆ ಮಾಡಲಿಲ್ಲ ಎಂದು ಇವತ್ತಿನವರೆಗೂ ಬೀಗುತ್ತಿದ್ದೆ. ನೀನು ಬಾಯಿ ತೆರೆದುಕೊಂಡು ಕೇಳಿದೆ. ಪ್ಯಾಡನ್ನು ನಾನು ತೋರಿಸುವ ಮೊದಲೇ ಸರಿಯಾಗಿ ಇಟ್ಟುಕೊಂಡಿದ್ದೆ. ನನ್ನ ಮಗಳಿಗೆ ಹೇಳಿಕೊಡುವುದೇ ಬೇಕಾಗಲಿಲ್ಲ, ಅಷ್ಟು ಚುರುಕು ಎಂದು ಮರುದಿನ ವಾರ್ಡಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೆ. ಎರಡನೇ ಸಲ ಕೇಳುವವಳು ಚುರುಕಾಗಿರದೆ ಇನ್ನೇನು!

ಕಂದು ಲಕೋಟೆಯ ನಾಲ್ಕನೇ ಹಾಳೆ ನನ್ನ ಆ ದಿನವನ್ನು ಕಿತ್ತುಕೊಂಡಿತು. ಅದಕ್ಕೇ ಹೋದೆ, ಅದಕ್ಕೇ ಮತ್ತೆ ಮೇಲೆ ಹತ್ತಲಿಲ್ಲ. ಆಕೆ ಗಂಡನನ್ನು ಪಡೆದದ್ದನ್ನು ನಾನು ಕ್ಷಮಿಸಬಲ್ಲೆ, ಆ ಶನಿವಾರವನ್ನು ಕ್ಷಮಿಸಲಾರೆ ಎಂದುಕೊಂಡು ಬಸ್ಸು ಹತ್ತಿದೆ.

ನಿನ್ನ ಮಂಗಳವಾರದ ಅಳು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ಬರುವ ವಾರದ ಶನಿವಾರದೊಳಗೆ ಬೇರೆ ಸಂದರ್ಶನ ಕೊಡದಿದ್ದರೆ ಈ ಪೇಪರ್ ಹೋಗುತ್ತದೆ, ಮುಂದಿನ ಕೌನ್ಸೆಲಿಂಗ್ ತರಬೇತಿಯೂ ಹೋಗುತ್ತದೆ, ಒಂದು ವರ್ಷ ಮಣ್ಣುಪಾಲು ಎಂದು ನೀನು ಹೇಳಿದ್ದೆ. ಅದರ ಮೇಲೆ ಏನೂ ಮಾಡದ ಒಬ್ಬ ಹುಡುಗಿಯ ಜೊತೆ ನೀನು ಮಾತು ಬಿಟ್ಟಿದ್ದೀಯ. ಶುಕ್ರವಾರ ಮಧ್ಯಾಹ್ನ ಆಕೆಯ ಅಂಗಡಿಗೆ ಹೋದೆ. ಕಣ್ಣು ಪರೀಕ್ಷೆ ಮಾಡಿಸಬೇಕು ಎಂದು ನೆಪ ಹೇಳಿದೆ. ನೆಪವೂ ಪೂರ್ತಿ ಸುಳ್ಳಲ್ಲ, ಈಚೆಗೆ ಔಷಧಿಯ ಬಾಟಲಿಯನ್ನು ತೋಳಿನುದ್ದ ದೂರ ಹಿಡಿದು ಓದುತ್ತಿದ್ದೇನೆ.

ನನ್ನನ್ನು ಪರದೆಯ ಹಿಂದೆ ಕೂರಿಸಿ, ಆ ಭಾರದ ದುಂಡು ಫ್ರೇಮನ್ನು ಮೂಗಿನ ಮೇಲೆ ಏರಿಸಿದಳು. ಒಂದೊಂದೇ ಗಾಜು ಬದಲಾಯಿಸುತ್ತಾ ಕೇಳತೊಡಗಿದಳು. ಇದ್ರಲ್ಲಿ ಚೆನ್ನಾಗಿ ಕಾಣುತ್ತಾ, ಇದ್ರಲ್ಲಾ? ಮೊದಲಿಂದಾ, ಈಗಿಂದಾ? ಗೊತ್ತಾಗ್ಲಿಲ್ಲಾ ಅಂದ್ರೆ ಪರವಾಗಿಲ್ಲ ಸಿಸ್ಟರ್, ಅವಸರ ಇಲ್ಲ, ಇನ್ನೊಂದ್ಸಲ ನೋಡಿ. ನನಗೆ ಯಾವುದು ಹಿಡಿಸುತ್ತದೆ ಎಂದು ಒಬ್ಬರು ಮೂವತ್ತು ಸಲ ಕೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ನೀನು ಯಾಕೆ ಅಲ್ಲಿ ಹೋಗಿ ಕೂರುತ್ತೀಯ ಎಂದು ಅರ್ಥವಾಯಿತು, ಅರ್ಥವಾದದ್ದಕ್ಕೆ ಇನ್ನಷ್ಟು ಹೊಟ್ಟೆ ಉರಿಯಿತು.

ಆ ಫ್ರೇಮು ಮೂಗಿನ ಮೇಲಿದ್ದಾಗಲೇ ಹೇಳಿದೆ, ದೂರು ಕೊಟ್ಟಿದ್ದು ನಾನು ಎಂದು. ಏನೆಂದು ಬರೆದುಕೊಟ್ಟೆ ಎಂದೂ ಹೇಳಿದೆ. ಆಕೆ ಒಂದು ಗಾಜು ತೆಗೆದು ಒರೆಸುತ್ತಾ, ಬರೆದಿದ್ದು ನಿಜಾನೇ ತಾನೆ, ಆದ್ರೆ ಅದನ್ನ ನಿಮ್ಮ ಬಾಯಲ್ಲಿ ಕೇಳೋಕೆ ಹನ್ನೆರಡು ವರ್ಷ ಬೇಕಾಯ್ತು ಎಂದಳು. ಆ ಶನಿವಾರ ನನಗ್ಯಾಕೆ ಫೋನ್ ಮಾಡಲಿಲ್ಲ ಎಂದು ಕೇಳಿಯೇಬಿಟ್ಟೆ. ನಂಬರು ಒತ್ತಿ ಕೈಯಲ್ಲಿ ಹಿಡ್ಕೊಂಡಿದ್ದೆ, ಮಗು ಕಿತ್ಕೊಂಡ್ತು ಎಂದಳು. ನಾನು ಅಳಬಾರದು ಎಂದುಕೊಂಡಿದ್ದೆ, ಆ ಫ್ರೇಮಿನೊಳಗೆ ಕಣ್ಣು ಒರೆಸಿಕೊಳ್ಳಲೂ ಆಗುವುದಿಲ್ಲ.

ಆಗ ಆಕೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. ನಿಮಗೊಬ್ಬರಿಗೇ ಹೊಟ್ಟೆಕಿಚ್ಚು ಅಂದ್ಕೊಂಡಿದ್ದೀರಾ ಸಿಸ್ಟರ್? ಆ ಒಂದು ತಿಂಗಳು ನಾನೂ ಉರಿದುಹೋಗಿದ್ದೀನಿ. ನನ್ನ ಮನೇಲಾಗಿದ್ದು, ನಾನು ನೋಡ್ಕೊಂಡಿದ್ದು, ಆದ್ರೂ ಮಗೂಗೆ ಅದು ನಿಮ್ಮನೇಲೇ ಆಯ್ತು ಅಂತ ಮಾಡ್ಬೇಕಿತ್ತು. ನಿಮಗೆ ಬೇಜಾರಾಗಬಾರದು ಅಂತ ಅಷ್ಟು ಪುಟ್ಟ ಜೀವ ಎಷ್ಟು ನಾಟಕ ಕಟ್ತು ಅಂತೀರ. ನನಗೋಸ್ಕರ ಅದು ಯಾವತ್ತೂ ಒಂದು ಸುಳ್ಳು ಹೇಳಿದ್ದಿಲ್ಲ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಅದೇ ಮಾತು. ಬಚ್ಚಲ ಹೊಸ್ತಿಲಲ್ಲಿ ಬಾಯಿ ತೆರೆದುಕೊಂಡು, ಮೊದಲೇ ಗೊತ್ತಿದ್ದದ್ದನ್ನೆಲ್ಲ ಗೊತ್ತಿಲ್ಲದವಳ ಹಾಗೆ ಕೇಳಿದ ಆ ಹನ್ನೆರಡು ವರ್ಷದ ಮುಖ. ನನ್ನ ಚಿತ್ರಗಳು ವ್ಯರ್ಥವಾಗಬಾರದು ಎಂದು ಕಾದು ಕೂತವಳು ನೀನು. ಅಂಥ ಮಗಳ ಒಂದು ವರ್ಷವನ್ನು ನಾನು ಹಾಳು ಮಾಡಲು ಹೊರಟೆ. ತಪ್ಪಾಯಿತು ಮಗಳೇ. ನಿನ್ನ ಲಕೋಟೆ ತೆರೆದದ್ದು ತಪ್ಪು, ಆಕೆ ನಿನಗೆಂದು ಹೇಳಿದ್ದನ್ನು ಓದಿದ್ದು ತಪ್ಪು, ಫೋನಿನಲ್ಲಿ ನಿಜ ಹೇಳದೆ ಇದ್ದದ್ದು ಎಲ್ಲಕ್ಕಿಂತ ದೊಡ್ಡ ತಪ್ಪು.

ಈಗ ಕೆಲಸದ ಮಾತು. ನಮ್ಮ ವಾರ್ಡಿನ ಆಯಾ, ನಾವೆಲ್ಲ ಕ್ಯಾಪ್ಟನ್ ಎನ್ನುತ್ತೇವಲ್ಲ, ಅವಳು ಸಂದರ್ಶನಕ್ಕೆ ಒಪ್ಪಿದ್ದಾಳೆ. ಐವತ್ತೆಂಟು ವರ್ಷ, ಎರಡು ಮದುವೆ, ಐದು ಹೆರಿಗೆ, ಬಾಯಿಗೆ ಬೀಗ ಎನ್ನುವುದೇ ಇಲ್ಲ. ಏನು ಬೇಕಾದ್ರೂ ಹೇಳ್ತೀನಿ, ಆ ಮಗು ಅಷ್ಟೆಲ್ಲ ತಡ್ಕೊಳ್ಳುತ್ತಾ ಕೇಳಿ ಎಂದಳು. ಅವಳು ನಿನಗೆ ನಿಜವಾಗಿಯೂ ಏನೂ ಆಗಬೇಕಿಲ್ಲ, ನಾಲ್ಕು ಕಡೆಯಿಂದ ವಿಚಾರಿಸಿ ನೋಡಿದ್ದೇನೆ. ಬುಧವಾರ ಹನ್ನೊಂದಕ್ಕೆ ವಾರ್ಡಿನ ಬಟ್ಟೆ ಇಡುವ ಲಿನನ್ ಕೋಣೆ ಖಾಲಿ ಇರುತ್ತದೆ. ನಾನು ಆ ಹೊತ್ತಿಗೆ ಲೇಬರ್ ರೂಮಿನಲ್ಲಿರುತ್ತೇನೆ, ಬಾಗಿಲಿಗೆ ಕಿವಿ ಕೊಡುವುದಿಲ್ಲ. ಹಾಗೆಂದು ಕ್ಯಾಪ್ಟನ್ ಮುಂದೆ ಆಣೆ ಇಟ್ಟಿದ್ದೇನೆ.

ಕೋಪ ಇದ್ದರೆ ಬಂದು ಬೈದು ಹೋಗು. ಸುಮ್ಮನಿರಬೇಡ. ನೀನು ಸುಮ್ಮನಾದರೆ ನನಗೆ ಆ ಒಂಬತ್ತು ವರ್ಷ ನೆನಪಾಗುತ್ತದೆ.

ಇಂತಿ,
ಎಲ್ಲದಕ್ಕೂ ಮೂಗು ತೂರಿಸುವ
ನಿನ್ನ ಅಮ್ಮ

ತಾ.ಕ.: ಇದರ ಜೊತೆ ಇನ್ನೊಂದು ಲಕೋಟೆ ಇದೆ, ನೀಲಿ ಬಣ್ಣದ್ದು. ಶುಕ್ರವಾರ ನಾನು ಏಳಲು ಹೊರಟಾಗ ನಿನ್ನ ಚಿಕ್ಕಮ್ಮ ಡ್ರಾಯರಿನಿಂದ ನಿನ್ನ ಹನ್ನೊಂದು ಪ್ರಶ್ನೆಗಳ ಹಾಳೆ ತೆಗೆದಳು. ನಿಮ್ಮ ಮಗಳು ನಿಮ್ಮನ್ನ ಕೇಳೋ ಹಾಗಿಲ್ಲ, ನಾನು ಕೇಳ್ಲಾ ಎಂದಳು. ಅಂಗಡಿಯ ಬಾಗಿಲನ್ನು ಅರ್ಧ ಎಳೆದಳು. ಎರಡೂವರೆ ಗಂಟೆ ಹೇಳಿದೆ, ಆರನೆಯದಕ್ಕೂ ಹೇಳಿದೆ, ಆಕೆ ಒಂದಕ್ಷರ ಬಿಡದೆ ಬರೆದುಕೊಂಡಳು. ನಿಯಮದ ಪ್ರಕಾರ ಇದು ಲೆಕ್ಕಕ್ಕಿಲ್ಲ, ನಿಮ್ಮ ಮೇಡಂಗೆ ಕೊಡಬೇಡ, ನೀನು ಓದು. ಕೊನೆಗೆ ಆ ಕಾಲಂ ಉಳಿದಿತ್ತು. ಏನೂ ಆಗಬೇಕಿಲ್ಲ ಅಂತ ಬರೀಲಾ ಸಿಸ್ಟರ್ ಎಂದು ಕೇಳಿದಳು. ಹಾಗೆ ಬರೆದರೆ ಯಾರಾದರೂ ಹೋಗಿ ದೂರು ಕೊಡುತ್ತಾರೆ ಎಂದೆ. ಆಕೆ ನಕ್ಕು ಏನೋ ಬರೆದಳು. ಏನು ಬರೆದಳೋ ನನಗೆ ಕಾಣಿಸಲಿಲ್ಲ, ಹೊಸ ಕನ್ನಡಕ ಬರುವುದು ಮಂಗಳವಾರ. ಅಂಟಿಸಿ ಕೊಟ್ಟಳು. ಎರಡು ದಿನದಿಂದ ಇಲ್ಲೇ ಮೇಜಿನ ಮೇಲೆ, ಕೆಟಲ್ ಪಕ್ಕದಲ್ಲೇ ಇದೆ. ತೆರೆದಿಲ್ಲ.